ಆಯುರ್ವೇದ ವಿದ್ಯಾರ್ಥಿನಿಯೂ ಮನೋವೈದ್ಯವೂ

ನಮ್ಮ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ಬಾಲಿಕೆಯರಲ್ಲಿ ಕೆಲವರು ಎರಡು ವರ್ಷಗಳ ತರುವಾಯ, ಪಿ.ಯು.ಸಿ. ಪರೀಕ್ಷೆಯೂ ನೀಟ್ ಪರೀಕ್ಷೆಯೂ ಮುಗಿದ ಮೇಲೆ, ತಂದೆತಾಯಿಗಳೊಡನೆ ನಮ್ಮನ್ನು ಕಾಣಲು ಬರುವುದುಂಟು. ಈಚಿನ ವರ್ಷಗಳಲ್ಲಿ ಅವರಿಂದ ಒಂದು ಪ್ರಶ್ನೆ ಪದೇಪದೇ ಕೇಳಿಬರುತ್ತಲಿದೆ. "ಎಂ.ಬಿ.ಬಿ.ಎಸ್. ಸಿಕ್ಕುವಷ್ಟು ಅಂಕಗಳು ಬರಲಿಲ್ಲ, ಆಯುರ್ವೇದದಲ್ಲಿ ಸ್ಥಾನ ಸಿಕ್ಕುವಂತಿದೆ. ಅದನ್ನು ಓದಿ ಮುಂದೆ ಮನೋವೈದ್ಯಳಾಗಬಹುದೇ?" ಎಂಬುದೇ ಆ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ತಪ್ಪು ತಿಳಿವಳಿಕೆಯನ್ನು ನಂಬಿ ಹೊರಟ ಹುಡುಗಿಗೆ ಎಂಟೊಂಬತ್ತು ವರ್ಷಗಳ ಪ್ರಾಯವೂ, ಮನೆಯವರಿಗೆ ತೆಂಗಿನ ತೋಟವನ್ನು ಅಡವಿಟ್ಟು ಕೂಡಿಸಿದ ಹಣವೂ ವ್ಯರ್ಥವಾಗುವ ಸಂಭವವುಂಟು. ಆದಕಾರಣ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಮ್ಮ ಬಾಲಿಕೆಯರ ಮತ್ತು ಅವರ ಮನೆಯವರ ಉಪಯೋಗಕ್ಕಾಗಿ ಈ ವಿಷಯವನ್ನು ಆಮೂಲಾಗ್ರವಾಗಿ ವಿವರಿಸಲು ಯತ್ನಿಸುವೆವು.

ಮೊದಲು ಈ ಆಶೆಯನ್ನು ನಾವು ಮೆಚ್ಚಿಕೊಳ್ಳಬೇಕು. ಮನಸ್ಸಿನ ರೋಗವೆಂದರೆ ಬಾಯಿ ಮುಚ್ಚಿಕೊಳ್ಳುವ ಜನ ನಾವು. ಮನೆಯಲ್ಲಿ ಒಬ್ಬಳು ಚಿಕ್ಕಮ್ಮ ಊಟ ನಿದ್ರೆಗಳನ್ನು ಬಿಟ್ಟು ಮೂಲೆ ಹಿಡಿದರೆ, ಮಿಕ್ಕ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅದನ್ನು ಮುಚ್ಚಿಡುವರು. ಗಾಳಿ ಸೋಂಕೆಂದು ತಾಯತ ಕಟ್ಟಿಸುವರು. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ವರ್ಷಗಳು ಕಳೆದಿರುವುವು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ದೇಶದ ವಯಸ್ಕರಲ್ಲಿ ಶೇಕಡ 10.6 ಮಂದಿ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿಂದ ನರಳುತ್ತಿರುವರೆಂದೂ, ರೋಗಭೇದಕ್ಕೆ ತಕ್ಕಂತೆ ಅವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ತಕ್ಕ ಚಿಕಿತ್ಸೆ ದೊರೆಯುತ್ತಿಲ್ಲವೆಂದೂ ತಿಳಿಸಿತು. ಸಮಾಧಿಗಳ ನಡುವೆ ಅಲೆಯುತ್ತ, ಸರಪಣಿಗಳನ್ನು ಕಿತ್ತುಕೊಳ್ಳುತ್ತಿದ್ದ ಒಬ್ಬ ಮನುಷ್ಯನನ್ನು ಊರೆಲ್ಲ ದೂರವಿಟ್ಟಾಗ, ನಮ್ಮ ಕರ್ತನು ಅವನ ಹೆಸರನ್ನು ಕೇಳಿ ಮಾತನಾಡಿಸಿದನೆಂಬ ವೃತ್ತಾಂತವನ್ನು ನಮ್ಮ ಬಾಲಿಕೆಯರೆಲ್ಲ ಬಲ್ಲರು. ಅಂಥವರ ಹೆಸರನ್ನು ಕೇಳಿ ಮಾತನಾಡಿಸುವ ವೃತ್ತಿಯನ್ನು ಒಬ್ಬ ಹುಡುಗಿ ಆರಿಸಿಕೊಂಡರೆ ಅದಕ್ಕಿಂತ ಸಂತೋಷದ ವಿಷಯ ಯಾವುದು?

ಇನ್ನು ದಾರಿಯ ವಿಚಾರ. ಎಂ.ಬಿ.ಬಿ.ಎಸ್.ಗೂ ಆಯುರ್ವೇದದ ಬಿ.ಎ.ಎಂ.ಎಸ್.ಗೂ ಪ್ರವೇಶದ ಪರೀಕ್ಷೆ ಒಂದೇ, ಅದು ನೀಟ್. ನಮ್ಮ ರಾಜ್ಯದಲ್ಲಿ ಸ್ಥಾನಗಳನ್ನು ಹಂಚುವವರೂ ಒಬ್ಬರೇ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು. ವ್ಯಾಸಂಗದ ಅವಧಿಯೂ ಸಮವೇ. ಎರಡರಲ್ಲಿಯೂ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಆಸ್ಪತ್ರೆಯ ಅಭ್ಯಾಸ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಆರಂಭವಾದಂದಿನಿಂದ ಈ ಎರಡು ಬಗೆಯ ಕಾಲೇಜುಗಳೂ ಅದರ ಆಶ್ರಯದಲ್ಲಿವೆ. ಇಷ್ಟೊಂದು ಸಾಮ್ಯವನ್ನು ಕಂಡ ತಂದೆತಾಯಿಗಳು, ಮುಂದೆಯೂ ದಾರಿಗಳೆರಡೂ ಒಂದೇ ಬಾಗಿಲನ್ನು ಸೇರುವುವೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ಸಾಮ್ಯವು ಇಲ್ಲಿಗೇ ಮುಗಿಯಿತು. ಒಬ್ಬಳ ಹೆಸರು ವೈದ್ಯ ಪರಿಷತ್ತಿನ ಪಟ್ಟಿಯಲ್ಲಿಯೂ, ಇನ್ನೊಬ್ಬಳ ಹೆಸರು ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯ ಪಟ್ಟಿಯಲ್ಲಿಯೂ ದಾಖಲಾಗತಕ್ಕದ್ದು. ಮೊದಲನೆಯದನ್ನು ಆಳುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನು. ಎರಡನೆಯದನ್ನು ಆಳುವುದು 2020ರ ಭಾರತೀಯ ವೈದ್ಯಪದ್ಧತಿಯ ರಾಷ್ಟ್ರೀಯ ಆಯೋಗದ ಕಾನೂನು.

ಅಲೋಪತಿಯ ಮನೋವೈದ್ಯಳಾಗಬೇಕಾದವಳು ಎಂ.ಬಿ.ಬಿ.ಎಸ್. ಆದ ಮೇಲೆ ಮತ್ತೊಂದು ಪ್ರವೇಶ ಪರೀಕ್ಷೆಯನ್ನು ಬರೆದು ಮೂರು ವರ್ಷ ಎಂ.ಡಿ. ವ್ಯಾಸಂಗ ಮಾಡಬೇಕು. ನಿಮ್ಹಾನ್ಸ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗೆ ಪ್ರತ್ಯೇಕವಾದ ಪರೀಕ್ಷೆಯುಂಟು. ಈ ನಿಮ್ಹಾನ್ಸ್ ನಮ್ಮ ಮೈಸೂರು ಸೀಮೆಯ ಹಳೆಯ ಸಂಸ್ಥೆ. ಸಂಸ್ಥಾನದ ಕಾಲದಲ್ಲಿ ಹುಚ್ಚರ ಆಸ್ಪತ್ರೆಯೆಂದು ಕರೆಯಿಸಿಕೊಳ್ಳುತ್ತಿದ್ದುದು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರನ್ನು ಪಡೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಇದರೊಡನೆ ಆರಂಭವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ಈಗಿನ ಹೆಸರು ಬಂದಿತು. ಇಲ್ಲಿನ ಮನೋವೈದ್ಯದ ಎಂ.ಡಿ.ಗಾಗಲಿ, ದೇಶದ ಬೇರೆ ಯಾವ ಕಾಲೇಜಿನ ಮನೋವೈದ್ಯದ ಎಂ.ಡಿ.ಗಾಗಲಿ, ಬಿ.ಎ.ಎಂ.ಎಸ್. ಪದವೀಧರೆಯು ಅರ್ಜಿ ಹಾಕುವಂತಿಲ್ಲ. ಅವಳು ಎಷ್ಟೇ ಜಾಣೆಯಾಗಿರಲಿ, ಎಷ್ಟೇ ಹಣ ಕೊಡಲು ಸಿದ್ಧಳಿರಲಿ, ಆ ಪರೀಕ್ಷೆಗೆ ಕುಳಿತುಕೊಳ್ಳುವ ಅರ್ಹತೆಯೇ ಅವಳಿಗಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ತಿಳಿದಿರುವುದು ಮೇಲು.

"ಮುಂದೆ ಸೇತುವೆಯ ಕೋರ್ಸು ಬರುತ್ತದಂತೆ, ಅದನ್ನು ಮಾಡಿಕೊಂಡರೆ ಆಯಿತು" ಎಂದು ಹೇಳುವವರುಂಟು. ಇದಕ್ಕೆ ಮೂಲವಿಲ್ಲದಿಲ್ಲ. 2017ರಲ್ಲಿ ಲೋಕಸಭೆಯ ಮುಂದಿಟ್ಟ ವೈದ್ಯಕೀಯ ಆಯೋಗದ ಮಸೂದೆಯಲ್ಲಿ, ಆಯುರ್ವೇದಾದಿ ಪದ್ಧತಿಗಳ ವೈದ್ಯರು ಒಂದು ಕಿರು ವ್ಯಾಸಂಗವನ್ನು ಮಾಡಿ ಅಲೋಪತಿಯ ಕೆಲವು ಔಷಧಗಳನ್ನು ಕೊಡಬಹುದೆಂಬ ಸೂಚನೆಯಿತ್ತು. ಅದಕ್ಕೆ ಬಹಳ ವಿರೋಧ ಬಂದುದರಿಂದ 2018ರಲ್ಲಿ ಅದನ್ನು ಕೈಬಿಟ್ಟರು. 2019ರಲ್ಲಿ ಅಂಗೀಕೃತವಾದ ಕಾನೂನಿನಲ್ಲಿ ಆ ಸೇತುವೆ ಇಲ್ಲ. ಕಟ್ಟದ ಸೇತುವೆಯನ್ನು ನಂಬಿ ಹೊಳೆಗೆ ಇಳಿಯುವುದು ವಿವೇಕವಲ್ಲ.

ಮತ್ತೆ ಕೆಲವರು ಅಮೆರಿಕದ ಉದಾಹರಣೆಯನ್ನು ಎತ್ತುವರು. ಅಲ್ಲಿ ನೆಲೆಸಿರುವ ನಂಟರ ಮಗಳು ಎಂ.ಡಿ. ಕಾಲೇಜಿಗೆ ಹೋಗದೆ ಆಸ್ಟಿಯೋಪತಿಯೆಂಬ ಬೇರೊಂದು ವೈದ್ಯವನ್ನು ಓದಿ ಮನೋವೈದ್ಯಳಾದಳಲ್ಲ, ಇಲ್ಲೇಕೆ ಆಗಬಾರದು ಎಂಬುದು ಅವರ ವಾದ. ಆ ಮಾತು ನಿಜವಿರಬಹುದು. ಆದರೆ ಅದರ ಹಿಂದಿನ ಕಥೆಯನ್ನು ತಿಳಿಯಬೇಕು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯನು ತನ್ನ ಕಾಲದ ಔಷಧಕ್ರಮಗಳಲ್ಲಿ ಬೇಸರಗೊಂಡು, ಎಲುಬು ಸ್ನಾಯುಗಳನ್ನು ಕೈಯಿಂದ ಸರಿಪಡಿಸುವುದರ ಮೂಲಕ ದೇಹವು ತಾನೇ ಗುಣವಾಗುವಂತೆ ಮಾಡಬೇಕೆಂಬ ಮತವನ್ನು ಪ್ರಚಾರ ಮಾಡಿದನು. 1892ರಲ್ಲಿ ಮಿಸೌರಿ ಪ್ರಾಂತದ ಕಿರ್ಕ್ಸ್‌ವಿಲ್ ಊರಿನಲ್ಲಿ ಅವನು ತೆರೆದ ಶಾಲೆಯ ಮೊದಲ ತರಗತಿಯಲ್ಲಿಯೇ ಸ್ತ್ರೀಯರಿಗೂ ಪ್ರವೇಶ ದೊರೆತಿತ್ತೆಂಬುದು ನಮ್ಮ ಬಾಲಿಕೆಯರು ನೆನಪಿಡತಕ್ಕ ಸಂಗತಿ. ಮೊದಮೊದಲು ಇವರನ್ನು ಮಿಕ್ಕ ವೈದ್ಯರು ಹತ್ತಿರ ಸೇರಿಸಲಿಲ್ಲ. ಆದರೆ ಕಾಲಕ್ರಮದಲ್ಲಿ ಆ ಶಾಲೆಗಳು ಔಷಧ, ಶಸ್ತ್ರಚಿಕಿತ್ಸೆ, ಪ್ರಸೂತಿ ಮೊದಲಾದ ಆಧುನಿಕ ವೈದ್ಯದ ಪಾಠಗಳನ್ನೆಲ್ಲ ಸಂಪೂರ್ಣವಾಗಿ ಅಳವಡಿಸಿಕೊಂಡವು. ಕೈಚಿಕಿತ್ಸೆಯು ಅವುಗಳ ಜೊತೆಗೆ ಕಲಿಯುವ ಒಂದು ವಿಷಯವಾಗಿ ಉಳಿಯಿತು. ಈಗ ಅಲ್ಲಿನ ಎಲ್ಲ ಪ್ರಾಂತಗಳಲ್ಲಿಯೂ ಅವರಿಗೆ ಪೂರ್ಣ ವೈದ್ಯಾಧಿಕಾರವುಂಟು. 2015ರಿಂದ 2020ರೊಳಗೆ ಎರಡು ಪಂಗಡಗಳ ಉನ್ನತ ತರಬೇತಿಯ ವ್ಯವಸ್ಥೆಗಳೂ ಒಂದಾದವು. ಮನೋವೈದ್ಯದ ನಾಲ್ಕು ವರ್ಷಗಳ ರೆಸಿಡೆನ್ಸಿ ತರಬೇತಿಗೆ ಆಸ್ಟಿಯೋಪತಿಯ ವಿದ್ಯಾರ್ಥಿಗಳು ವರ್ಷವರ್ಷವೂ ನೂರಾರು ಮಂದಿ ಸೇರುತ್ತಾರೆ. ಸ್ಪರ್ಧೆಯಲ್ಲಿ ಹಿಂದುಳಿಯಬಾರದೆಂದು ಅವರಲ್ಲಿ ಅನೇಕರು ತಮ್ಮ ಪಂಗಡದ ಪರೀಕ್ಷೆಯೊಡನೆ ಎಂ.ಡಿ. ವಿದ್ಯಾರ್ಥಿಗಳ ಪರೀಕ್ಷೆಯನ್ನೂ ಬರೆಯುವುದುಂಟು.

ಆದುದರಿಂದ ಅಲ್ಲಿ ದಾರಿಗಳೆರಡು ಸೇರಿದುದಕ್ಕೆ ಕಾರಣ, ಪಾಠವೇ ಒಂದಾದುದು. ನಮ್ಮಲ್ಲಿ ಹಾಗಾಗಿಲ್ಲ. ಆಯುರ್ವೇದವು ತನ್ನದೇ ಆದ ಶಾಸ್ತ್ರ, ತನ್ನದೇ ಆದ ನಿದಾನ, ತನ್ನದೇ ಆದ ಔಷಧಗಳುಳ್ಳ ವಿದ್ಯೆ. ಅರಸೀಕೆರೆಯ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ಗಾಡಿಯೂ ಹಾಸನದ ಗಾಡಿಯೂ ಒಂದೇ ನಿಲ್ದಾಣದಲ್ಲಿ ನಿಲ್ಲುವುವು. ಹತ್ತಿದ ಮೇಲೆ ಊರುಗಳು ಬೇರೆ. ಹತ್ತುವ ಮುನ್ನ ಹಲಗೆಯನ್ನು ಓದಿಕೊಳ್ಳಬೇಕಷ್ಟೆ.

ಹಾಗಾದರೆ ಆಯುರ್ವೇದದ ಗಾಡಿಯನ್ನು ಹತ್ತಿದವಳಿಗೆ ಮನಸ್ಸಿನ ರೋಗಿಗಳ ಸೇವೆಯ ಊರು ಸಿಕ್ಕುವುದೇ ಇಲ್ಲವೇ? ಸಿಕ್ಕುವುದು. ಆಯುರ್ವೇದದಲ್ಲಿಯೇ 'ಮನೋವಿಜ್ಞಾನ ಮತ್ತು ಮಾನಸರೋಗ' ಎಂಬ ಎಂ.ಡಿ. ಪದವಿಯುಂಟು. ಇದಕ್ಕಾಗಿ ದೂರ ಹುಡುಕಬೇಕಾಗಿಲ್ಲ. ಧರ್ಮಸ್ಥಳದ ಮಂಜುನಾಥೇಶ್ವರರ ಹೆಸರಿನಲ್ಲಿ 1992ರಲ್ಲಿ ಆರಂಭವಾದ ಹಾಸನದ ಎಸ್.ಡಿ.ಎಂ. ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆಯಲ್ಲಿ ಮಾನಸರೋಗದ ಸ್ನಾತಕೋತ್ತರ ವಿಭಾಗವು ನಡೆಯುತ್ತ ಬಂದಿದೆ. ನೆರೆಯ ಕೇರಳದ ಕೊಟ್ಟಕ್ಕಲ್‌ನಲ್ಲಿಯೂ ಈ ವ್ಯಾಸಂಗವುಂಟಲ್ಲದೆ, ಮಾನಸಿಕ ವ್ಯಾಧಿಗಳಿಗೆಂದೇ ಮೀಸಲಾದ ಸರ್ಕಾರಿ ಆಯುರ್ವೇದ ಆಸ್ಪತ್ರೆಯೂ ಉಂಟು. ಬಿ.ಎ.ಎಂ.ಎಸ್. ಮುಗಿಸಿದವಳು ಆಯುಷ್ ಪದ್ಧತಿಗಳಿಗಾಗಿ ಅಖಿಲ ಭಾರತ ಮಟ್ಟದಲ್ಲಿ ನಡೆಯುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಬರೆದು, ಅದರ ಶ್ರೇಣಿಗೆ ಅನುಸಾರವಾಗಿ ಸ್ಥಾನ ಪಡೆದು, ಮೂರು ವರ್ಷ ಓದಬೇಕು. ಇಡೀ ದೇಶದಲ್ಲಿ ಈ ಶಾಖೆಯನ್ನು ಬೋಧಿಸುವ ಕಾಲೇಜುಗಳು ಕೆಲವೇ, ಒಂದೊಂದರಲ್ಲಿ ಸ್ಥಾನಗಳೂ ಕೆಲವೇ. ಆದುದರಿಂದ ಬಿ.ಎ.ಎಂ.ಎಸ್. ಸೇರಿದವರಿಗೆಲ್ಲ ಇದು ದೊರೆಯುವುದೆಂದು ತಿಳಿಯಬಾರದು. ಮೊದಲ ವರ್ಷದಿಂದಲೇ ಶ್ರದ್ಧೆಯಿಂದ ಓದಿದವಳಿಗೆ ದೊರೆಯುವ ಸಂಭವ ಹೆಚ್ಚು.

ಅಲ್ಲಿ ಕಲಿಯುವುದೇನು? ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಉನ್ಮಾದ, ಅಪಸ್ಮಾರಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಅಭಿರುಚಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟು ಕೆಡುವುದನ್ನು ಉನ್ಮಾದವೆಂದು ಅದು ಗುರುತಿಸುತ್ತದೆ. ಹಿತವಲ್ಲದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವೆಂಬ ಚಿಕಿತ್ಸೆಯನ್ನು ಔಷಧಚಿಕಿತ್ಸೆಯಿಂದ ಬೇರೆಯಾಗಿಯೇ ಹೇಳಿದೆ. ರೋಗಿಯೊಡನೆ ಮಾತನಾಡಿ ಧೈರ್ಯ ವಿವೇಕಗಳನ್ನು ತುಂಬುವ ಇಂದಿನ ಕ್ರಮಕ್ಕೆ ಇದು ಸಮೀಪವಾದುದು. ಶಿರೋಧಾರೆ, ನಸ್ಯ ಮುಂತಾದ ಉಪಚಾರಗಳನ್ನೂ, ಬ್ರಾಹ್ಮಿ, ಜಟಾಮಾಂಸಿ, ಶಂಖಪುಷ್ಪಿಗಳನ್ನೂ, ಕಲ್ಯಾಣಕಘೃತದಂಥ ತುಪ್ಪಗಳನ್ನೂ ಬಳಸುವ ಕ್ರಮವನ್ನು ವಿದ್ಯಾರ್ಥಿನಿಯು ಕಲಿಯುವಳು. ಇವುಗಳೊಡನೆ ಆಧುನಿಕ ಮನೋವೈದ್ಯದಲ್ಲಿ ರೋಗಗಳನ್ನು ಹೇಗೆ ಗುರುತಿಸುವರೆಂಬುದನ್ನೂ ಅಭ್ಯಸಿಸುವಳು.

ಈ ಹಳೆಯ ವಿದ್ಯೆಯು ಹೊಸ ವೈದ್ಯಕ್ಕೆ ಒಮ್ಮೆ ಬಾಗಿಲು ತೆರೆದುದನ್ನು ಇಲ್ಲಿ ಹೇಳಬೇಕು. ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೆ ಕೊಡುವ ವಾಡಿಕೆ ನಮ್ಮ ದೇಶದಲ್ಲಿ ಪೂರ್ವದಿಂದಲೂ ಇತ್ತು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರಿಬ್ಬರು, ಇದು ಬುದ್ಧಿಭ್ರಮಣೆಯನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದು ಪ್ರಕಟಿಸಿದರು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ಅನಂತರ ಕೆಲವು ವರ್ಷ ಪಾಶ್ಚಾತ್ಯ ದೇಶಗಳ ಮಾನಸಿಕ ಆಸ್ಪತ್ರೆಗಳಲ್ಲಿ ಅದರ ಬಳಕೆ ಹಬ್ಬಿತು. ಅದರ ದೋಷಗಳು ಗೊತ್ತಾಗಿ, ಅದಕ್ಕಿಂತ ಮೇಲಾದ ಔಷಧಗಳು ಬಂದ ಮೇಲೆ ಹಿಂದೆ ಸರಿಯಿತು. ಹಳೆಯದೆಂದು ಹಳಿಯಬಾರದು, ನಮ್ಮದೆಂದು ಪರೀಕ್ಷಿಸದೆ ಒಪ್ಪಲೂ ಬಾರದು ಎಂಬ ಎರಡು ಪಾಠಗಳೂ ಈ ಒಂದು ಬೇರಿನಲ್ಲಿವೆ.

ಈಗ ಮುಖ್ಯವಾದ ಮಾತು: ಈ ಪದವಿಯನ್ನು ಪಡೆದವಳಿಗೆ ಕಾನೂನು ಕೊಡುವ ಸ್ಥಾನವೇನು? 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆಯ ಕಾನೂನು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಅದು 'ಮನೋವೈದ್ಯ'ರನ್ನು ಒಂದು ಬಗೆಯಾಗಿಯೂ, 'ಮಾನಸಿಕ ಆರೋಗ್ಯ ವೃತ್ತಿಪರ'ರನ್ನು ಅದಕ್ಕಿಂತ ವಿಶಾಲವಾದ ಬಗೆಯಾಗಿಯೂ ನಿರೂಪಿಸುತ್ತದೆ. ಆಯುರ್ವೇದದ ಮಾನಸರೋಗದ ಸ್ನಾತಕೋತ್ತರ ಪದವೀಧರರನ್ನು ಎರಡನೆಯ ಬಗೆಯಲ್ಲಿ ಹೆಸರಿಟ್ಟು ಸೇರಿಸಿದೆ, ಮೊದಲನೆಯದರಲ್ಲಿ ಸೇರಿಸಿಲ್ಲ. ಹೋಮಿಯೋಪತಿಯಲ್ಲಿ ಮನೋವೈದ್ಯದ ಎಂ.ಡಿ. ಮಾಡಿದವರಿಗೂ ಇದೇ ಸ್ಥಾನ. ಇದು ಬರಿಯ ಹೆಸರಿನ ಭೇದವಲ್ಲ. ತನ್ನ ಚಿಕಿತ್ಸೆಯ ವಿಷಯದಲ್ಲಿ ತಾನೇ ತೀರ್ಮಾನಿಸಲಾರದಷ್ಟು ಕಾಯಿಲೆಯಾದ ರೋಗಿಯನ್ನು ಮನೆಯವರ ಕೋರಿಕೆಯ ಮೇಲೆ ಆಸ್ಪತ್ರೆಗೆ ಸೇರಿಸಿಕೊಳ್ಳಬೇಕಾದರೆ, ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದೆಂದು 89ನೆಯ ಪ್ರಕರಣವು ವಿಧಿಸುತ್ತದೆ. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರಾಗಲಿ ಸಾಮಾನ್ಯ ವೈದ್ಯರಾಗಲಿ ಆಗಬಹುದು. ನಮ್ಮ ಆಯುರ್ವೇದದ ಹುಡುಗಿ ಎರಡನೆಯವಳಾಗಬಲ್ಲಳು, ಮೊದಲನೆಯವಳಾಗಲಾರಳು. ಯಾರೂ ತಮ್ಮ ವೃತ್ತಿಕ್ಷೇತ್ರಕ್ಕೆ ಅಧಿಕಾರವಿಲ್ಲದ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಸೂಚಿಸಕೂಡದೆಂದು 106ನೆಯ ಪ್ರಕರಣವು ಹೇಳುತ್ತದೆ. ಎಂದರೆ, ಮಾನಸರೋಗದ ಎಂ.ಡಿ. ಪದವಿಯೊಂದರ ಬಲದಿಂದ ಇಂಗ್ಲಿಷ್ ಮಾತ್ರೆಗಳನ್ನು ಬರೆದುಕೊಡುವ ಅಧಿಕಾರ ಬರುವುದಿಲ್ಲ.

ಇಷ್ಟನ್ನು ಓದಿ, ಹಾಗಾದರೆ ಈ ಪದವಿ ಕೀಳೆಂದು ಯಾರೂ ತಿಳಿಯಬಾರದು. ಬೇಲೂರಿನ ಹಳ್ಳಿಯೊಂದರ ಗೃಹಿಣಿ ನಿದ್ರೆಯಿಲ್ಲವೆಂದೋ ಎದೆ ಹೊಡೆದುಕೊಳ್ಳುವುದೆಂದೋ ಹೇಳಿಕೊಂಡು ಆಯುರ್ವೇದದ ಆಸ್ಪತ್ರೆಗೆ ನಾಚಿಕೆಯಿಲ್ಲದೆ ಹೋಗುವಳು. ಮನೋವೈದ್ಯರೆಂಬ ಹಲಗೆಯಿದ್ದ ಕಡೆಗೆ ಅವಳನ್ನು ಕಳುಹಿಸಲು ಮನೆಯವರು ಒಪ್ಪಲಾರರು. ಅವಳ ದುಃಖವನ್ನು ಮೊದಲು ಗುರುತಿಸುವ ಅವಕಾಶ ಆ ವೈದ್ಯೆಯದು. ಆದರೆ ಪ್ರಾಣ ಕಳೆದುಕೊಳ್ಳುವ ಮಾತನಾಡುವವರು, ಇಲ್ಲದ ಧ್ವನಿಗಳನ್ನು ಕೇಳಿ ಭಯದಿಂದ ಹೊಡೆಯಬರುವವರು, ಬಾಣಂತಿತನದಲ್ಲಿ ಬುದ್ಧಿ ಕದಡಿದವರು, ಇಂಥವರನ್ನು ಅದೇ ದಿನ ಮನೋವೈದ್ಯರ ಬಳಿಗೆ ಕಳುಹಿಸಬೇಕು. ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಆ ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ತನ್ನ ಎಲ್ಲೆಯನ್ನು ಅರಿತ ವೈದ್ಯೆಯಿಂದ ರೋಗಿಗೆ ಎರಡು ಪದ್ಧತಿಗಳ ಉಪಕಾರವೂ ಆಗುವುದು. ಅರಿಯದವಳಿಂದ ಎರಡೂ ತಪ್ಪುವುವು. ನಿಮ್ಹಾನ್ಸ್‌ನಲ್ಲಿಯೇ ಯೋಗ, ಆಯುರ್ವೇದ ಮತ್ತು ಆಧುನಿಕ ವೈದ್ಯವನ್ನು ಕೂಡಿಸಿ ನೋಡುವ ಸಮನ್ವಿತ ವೈದ್ಯ ವಿಭಾಗವೊಂದಿರುವುದು, ಇಂಥ ಸಹಕಾರ ಸಾಧ್ಯವೆಂಬುದಕ್ಕೆ ಸಾಕ್ಷಿ.

ತಂದೆತಾಯಿಗಳು ಹಣ ಕಟ್ಟುವ ಮುನ್ನ ವಿಚಾರಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಆ ಕಾಲೇಜಿಗೂ ಆ ಶಾಖೆಗೂ ಆ ವರ್ಷದ ಮಟ್ಟಿಗೆ ಆಯೋಗದ ಅನುಮತಿ ಇದೆಯೇ ಎಂಬುದು. ಎರಡನೆಯದು, ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳು ನಿಜವಾಗಿ ಬರುವರೇ, ಒಳರೋಗಿಗಳಿಗೆ ಹಾಸಿಗೆಗಳಿವೆಯೇ ಎಂಬುದು. ರೋಗಿಗಳನ್ನು ಕಾಣದೆ ಪುಸ್ತಕದಿಂದ ಮಾತ್ರ ಕಲಿತ ಮಾನಸರೋಗ ವಿದ್ಯೆಯು ಈಜು ಕಲಿಯದೆ ಕೆರೆಗೆ ಇಳಿದಂತೆ. ಮೂರನೆಯದು, ಮಧ್ಯವರ್ತಿಯೊಬ್ಬನು "ಕೊನೆಗೆ ಸೈಕಿಯಾಟ್ರಿಸ್ಟ್ ಎಂದೇ ಬೋರ್ಡು ಹಾಕಬಹುದು" ಎಂದು ಆಶೆ ತೋರಿಸಿದರೆ, ಅವನೊಡನೆ ಮುಂದಿನ ಮಾತನ್ನು ಆಡದಿರುವುದು.

ಮನಸ್ಸಿನ ರೋಗಿಗಳ ಸೇವೆಯೇ ಗುರಿಯಾದವಳಿಗೆ ವೈದ್ಯಪದವಿಯೊಂದೇ ದಾರಿಯಲ್ಲ. ಅದೇ 2017ರ ಕಾನೂನು ಮಾನಸಿಕ ಆರೋಗ್ಯದ ದಾದಿಯನ್ನೂ, ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯನ್ನೂ, ಮನೋವೈದ್ಯಕೀಯ ಸಮಾಜಸೇವಕಿಯನ್ನೂ ಹೆಸರಿಸಿ ಗೌರವಿಸಿದೆ. ನರ್ಸಿಂಗ್ ಪದವಿಯ ಮೇಲೆ ಮನೋವೈದ್ಯ ಶುಶ್ರೂಷೆಯಲ್ಲಿ ವಿಶೇಷ ವ್ಯಾಸಂಗ ಮಾಡಿದ ದಾದಿಯರ ಅವಶ್ಯಕತೆ ಬಹಳವಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1918ರಲ್ಲಿ ಸ್ತ್ರೀಯರಿಗಾಗಿಯೇ ಐಡಾ ಸ್ಕಡರ್ ಅವರು ತೆರೆದ ವೈದ್ಯಶಾಲೆಯಿಂದ ಬೆಳೆದುದು. ಅದರ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಮನೆಯವರನ್ನೂ ಜೊತೆಯಲ್ಲಿ ಇರಿಸಿಕೊಂಡು ಉಪಚರಿಸುವ ಪದ್ಧತಿಯನ್ನು ರೂಢಿಸಿದರು. ಹಾಗೆ ಮನೆಯವರು ಜೊತೆಯಲ್ಲಿರುವೆಡೆ, ಅವರಿಗೆ ಧೈರ್ಯ ಹೇಳುವ ಕೆಲಸದಲ್ಲಿ ದಾದಿಯ ಪಾಲು ವೈದ್ಯರ ಪಾಲಿಗಿಂತ ಕಡಿಮೆಯದಲ್ಲ. ಸದ್ಯದಲ್ಲಿಯೇ ಮನೆಯಲ್ಲಿ ಯಾರಿಗಾದರೂ ಸಹಾಯ ಬೇಕಾಗಿದ್ದರೆ, 2022ರಲ್ಲಿ ಸರ್ಕಾರದವರು ಆರಂಭಿಸಿದ ಟೆಲಿ-ಮಾನಸ್ ದೂರವಾಣಿಯ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಿಯ ಬಾಲಿಕೆಯರೇ, ಒಟ್ಟಿನಲ್ಲಿ ನಾವು ಹೇಳುವುದಿಷ್ಟು. ಅಲೋಪತಿಯ ಮನೋವೈದ್ಯೆಯಾಗುವುದೇ ನಿಮ್ಮ ಆಶೆಯಾಗಿದ್ದರೆ, ಎಂ.ಬಿ.ಬಿ.ಎಸ್. ಬಾಗಿಲಿನ ಮುಂದೆಯೇ ಇನ್ನೊಂದು ವರ್ಷ ಪ್ರಯತ್ನಿಸಿರಿ; ಬೇರೆ ಬಾಗಿಲಿನಿಂದ ಆ ಕೋಣೆಗೆ ದಾರಿಯಿಲ್ಲ. ಮನಸ್ಸು ನೊಂದವರಿಗೆ ಆಯುರ್ವೇದದ ಮೂಲಕ ಉಪಕರಿಸುವುದು ನಿಮಗೆ ಒಪ್ಪಿಗೆಯಾಗಿದ್ದರೆ, ಅದು ಸಿಕ್ಕದುದರ ಬದಲಿಗೆ ಸಿಕ್ಕಿದ್ದೆಂದು ಕುಗ್ಗದೆ, ಅದನ್ನೇ ಬಯಸಿ ಸೇರಿರಿ. ಹಾಸನದಷ್ಟು ಹತ್ತಿರದಲ್ಲಿಯೇ ನಿಮ್ಮ ಪಾಠಶಾಲೆಯಿದೆ. ಯಾವ ದಾರಿಯನ್ನು ಹಿಡಿದರೂ ತಿಳಿದು ಹಿಡಿಯಿರಿ, ಹಿಡಿದ ಮೇಲೆ ನಾಚಬೇಡಿರಿ. ಮುರಿದ ಮನಸ್ಸುಳ್ಳವರ ಸಮೀಪದಲ್ಲಿರುವ ಪರಮವೈದ್ಯನು ನಿಮ್ಮ ಕೈಗಳಿಗೆ ಜಾಣ್ಮೆಯನ್ನೂ ನಿಮ್ಮ ಮಾತಿಗೆ ಕರುಣೆಯನ್ನೂ ದಯಪಾಲಿಸಲೆಂದು ಹರಸುವೆವು.